ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ

ಅರಸೀಕೆರೆ ಏಳುವುದೇ ರೈಲಿನ ಕೂಗಿಗೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಇಲ್ಲಿ ಹಾಸನದ ಕಡೆಗೊಂದು ಕವಲು ಒಡೆಯುತ್ತದೆ. ಗಾಡಿ ಬದಲಾಯಿಸುವವರು ಮಂಕಿ ಟೋಪಿ ಕಿವಿ ಮುಚ್ಚುವಂತೆ ಎಳೆದುಕೊಂಡು, ಟೀ ಲೋಟಕ್ಕೆ ಅಂಗೈ ಒತ್ತಿ ಬೆಚ್ಚಗಾಗುತ್ತಾ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಾರೆ. ಮಾಗಿಯ ಚಳಿ. ನಿಲ್ದಾಣ ಬಿಟ್ಟು ಬಿ.ಎಚ್. ರಸ್ತೆಗೆ ಬಂದರೆ ತೆಂಗಿನಕಾಯಿ ತುಂಬಿದ ಲಾರಿ, ಒಣಕೊಬ್ಬರಿಯ ಎಣ್ಣೆಗಂಪು, ಹೋಟೆಲಿನ ಕಾದ ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಸದ್ದು. ಅಡ್ಡರಸ್ತೆಗೆ ತಿರುಗಿ, ಟೈಲರ್ ಅಂಗಡಿ ದಾಟಿ, ಜೆರಾಕ್ಸ್ ಅಂಗಡಿ ದಾಟಿ ಬನ್ನಿ. ಅರ್ಧಕ್ಕೆ ಎತ್ತಿದ ಷಟರ್ ಕೆಳಗೆ ತಲೆ ತಗ್ಗಿಸಿ ಒಳಹೊಕ್ಕರೆ ಕಂಪ್ಯೂಟರ್ ರಿಪೇರಿ ಅಂಗಡಿ. ಪ್ಲಾಸ್ಟಿಕ್ ಸ್ಟೂಲಿನ ಮೇಲಿರುವ ಕೀಬೋರ್ಡನ್ನು ಬದಿಗಿಟ್ಟು ಕೂರಬಹುದು.

ಒಳಗಿನ ವಾಸನೆ ಬೇರೆಯೇ. ಬೆಸುಗೆಯ ರಾಳದ ಹೊಗೆ, ಹಳೇ ಧೂಳು, ದೇವರ ಪಟದ ಮುಂದೆ ಈಗಷ್ಟೇ ಹಚ್ಚಿದ ಊದುಬತ್ತಿ, ಮೂರೂ ಬೆರೆತಿವೆ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು. ಅದರಲ್ಲಿ ಪಕ್ಕದ ತಗಡು ಕಳಚಿದ ಸಿಪಿಯುಗಳು. ಒಂದೊಂದರ ನೆತ್ತಿಗೂ ಒಂದು ಚೀಟಿ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದಾರೆ: 'ಡಿಸ್‌ಪ್ಲೇ ಇಲ್ಲ', 'ತುಂಬ ಸ್ಲೋ', 'ಬೇಲೂರು ಲಾಡ್ಜ್', 'ಹಳೇಬೀಡು ಸ್ಕೂಲು'. ಕೆಳಗಿನ ಸಾಲಿನಲ್ಲಿ, ಬಿಳಿಯಿದ್ದದ್ದು ಹಳದಿಗೆ ತಿರುಗಿದ ಒಂದು ಡಬ್ಬದ ಮೇಲೆ ಉಳಿದವಕ್ಕಿಂತ ಉದ್ದದ ಬರಹ: 'ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ'.

ರಿಪೇರಿಯವರಿಗೆ ಇದರಷ್ಟು ತಲೆನೋವಿನ ಕಾಯಿಲೆ ಇನ್ನೊಂದಿಲ್ಲ. ಪೂರ್ತಿ ಸತ್ತದ್ದನ್ನು ಬಿಚ್ಚಿ ನೋಡಬಹುದು, ಸುಟ್ಟಿದ್ದರೆ ವಾಸನೆಯೇ ಜಾಗ ತೋರಿಸುತ್ತದೆ. ಇದು ಮನೆಯಲ್ಲಿ ಸತಾಯಿಸಿ, ಅಂಗಡಿಯ ಮೇಜಿನ ಮೇಲೆ ಇಟ್ಟ ಕೂಡಲೇ ಗುಂಡಿ ಒತ್ತಿದ ಮೊದಲ ಸಲಕ್ಕೇ ಏಳುತ್ತದೆ. ತಂದವರಿಗೆ ಮುಜುಗರ, ನೋಡುವವರಿಗೆ ಅನುಮಾನ.

ತಂದವರು ತಾಲ್ಲೂಕು ಕಚೇರಿ ಕಡೆ ಡಿಟಿಪಿ ಅಂಗಡಿ ಇಟ್ಟಿರುವ ಯಜಮಾನರು. ಅರ್ಜಿ, ಅಫಿಡವಿಟ್, ಕರಾರುಪತ್ರ, ವಿಭಾಗಪತ್ರ, ನಡುನಡುವೆ ಲಗ್ನಪತ್ರಿಕೆ ಅವರ ಕಸುಬು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಇಳಿದು, ಕೈಬರಹದ ಪಹಣಿಯ ಬದಲು ಅಚ್ಚಿನದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗತೊಡಗಿದ ಕಾಲಕ್ಕೆ ಅವರೂ ಟೈಪ್‌ರೈಟರ್ ಮೂಲೆಗಿಟ್ಟು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ 'ನುಡಿ' ತಂತ್ರಾಂಶ ಕಲಿತರು. ಅವರು ಜೊತೆಗೆ ತಂದಿರುವ ಕೀಬೋರ್ಡನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಿ. ಉಳಿದ ಕೀಲಿಗಳ ಅಕ್ಷರ ಮಾಸಿವೆಯಷ್ಟೆ. 'ಎಫ್' ಕೀಲಿಯದು ಮಾತ್ರ ಗುರುತೂ ಇಲ್ಲದಂತೆ ಅಳಿಸಿ, ಬೆರಳು ತಾಗುವ ಜಾಗ ಕನ್ನಡಿಯ ಹೊಳಪು ಪಡೆದಿದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಬೇಕಾದರೆ ಎಫ್ ಒತ್ತಲೇಬೇಕು. ಕನ್ನಡದ ಒತ್ತುಗಳೆಲ್ಲ ಸೇರಿ ಆ ಕೀಲಿಯನ್ನು ಸವೆಸಿವೆ.

"ಮಧ್ಯಾಹ್ನ ತಂದಿದ್ರು, ಒಂದೇ ಏಟಿಗೆ ಆನ್ ಆಯ್ತು. ಅದಕ್ಕೇ ರಾತ್ರಿ ಇಲ್ಲೇ ಬುಟ್ಟೋಗಿ ಅಂದೆ" ಎನ್ನುತ್ತಾ ರಿಪೇರಿಯಾತ ಹಳದಿ ಡಬ್ಬವನ್ನು ಮೇಜಿಗೆ ಎತ್ತಿಡುತ್ತಾನೆ. ರಾತ್ರಿಯಿಡೀ ಅದರ ಪ್ಲಗ್ ಕಿತ್ತೇ ಇತ್ತು. ತಗಡು ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಯಜಮಾನರೂ ಬಂದು ಬಾಗಿಲಲ್ಲೇ ನಿಂತಿದ್ದಾರೆ, ಹೆಗಲ ಮೇಲೆ ಶಾಲು.

ಮೊದಲು ಗೋಡೆ. ಈ ಸೀಮೆಯಲ್ಲಿ ಯಾವ ಯಂತ್ರ ಕೈಕೊಟ್ಟರೂ ಬೈಗುಳ ಬೀಳುವುದು ಕರೆಂಟಿಗೇ. ತೋಟಗಳ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಶುರುವಾದರೆ ಊರಿನ ಟ್ಯೂಬ್‌ಲೈಟು ಮಿಣುಕುವುದು ಹೊಸದೇನಲ್ಲ. ಆತ ಮೀಟರಿನ ಎರಡು ಕಡ್ಡಿ ಪ್ಲಗ್ ಪಾಯಿಂಟಿಗೆ ತೂರಿಸುತ್ತಾನೆ: 221 ವೋಲ್ಟ್. ಇರಬೇಕಾದ್ದು 230, ಇಷ್ಟು ಸಾಲುತ್ತದೆ. ವೈರು ಬಗ್ಗಿಸಿ, ತಿರುಚಿ ನೋಡುತ್ತಾನೆ, ಒಳಗೆಲ್ಲೂ ತುಂಡಾಗಿಲ್ಲ. ಪಿನ್ನುಗಳು ಸಡಿಲವಿಲ್ಲ. ಗೋಡೆಯ ತಪ್ಪಿಲ್ಲ ಎಂದು ಖಾತ್ರಿಯಾಯಿತು. ಈಗ ಮುಂದಿನ ಗುಂಡಿ ಒತ್ತುತ್ತಾನೆ.

ಸದ್ದಿಲ್ಲ. ಮತ್ತೊಮ್ಮೆ ಒತ್ತುತ್ತಾನೆ. ಫ್ಯಾನಿನ ರೆಕ್ಕೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಯಜಮಾನರ ಮುಖ ಸಪ್ಪಗಾಗುತ್ತದೆ. ರಿಪೇರಿಯಾತನ ಮುಖ ಅರಳುತ್ತದೆ. "ಸದ್ಯ, ಕೆಟ್ಟೋಯ್ತು ನೋಡಣ್ಣ!" ರೋಗ ಕಣ್ಣೆದುರಿಗೆ ಸಿಕ್ಕಿದ ಖುಷಿ ಅದು. ಇನ್ನು ಅದು ಬೆಚ್ಚಗಾಗುವುದರೊಳಗೆ ಹಿಡಿಯಬೇಕು.

ಈ ಗುಂಡಿಯ ಬಗ್ಗೆ ಬಹುಪಾಲು ಜನ ತಿಳಿದಿರುವುದು ಹಳೇ ಕಾಲದ ಸತ್ಯ. 1995ರವರೆಗಿನ ಹೆಚ್ಚಿನ ಡೆಸ್ಕ್‌ಟಾಪುಗಳಲ್ಲಿ ಅದು ನಿಜವಾದ ಸ್ವಿಚ್ಚೇ. ಕರೆಂಟು ಅದರ ಮೂಲಕವೇ ಹಾದುಹೋಗುತ್ತಿತ್ತು. ಆ ವರ್ಷ ಇಂಟೆಲ್ 'ಎಟಿಎಕ್ಸ್' ಎಂಬ ಹೊಸ ಕ್ರಮ ತಂದ ಮೇಲೆ ಗುಂಡಿ ಬಾಗಿಲ ಕರೆಗಂಟೆಯಂತಾಯಿತು: ಒತ್ತುವವರು ಕರೆಯಬಹುದಷ್ಟೆ, ಬಾಗಿಲು ತೆಗೆಯಲು ಒಳಗಿನವರು ಎಚ್ಚರವಿರಬೇಕು. ಗುಂಡಿ ಮದರ್‌ಬೋರ್ಡಿಗೆ ಹೇಳುತ್ತದೆ, ಮದರ್‌ಬೋರ್ಡು ಒಂದು ಹಸಿರು ತಂತಿಯ ಮೂಲಕ, ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ಎಸ್‌ಎಂಪಿಎಸ್ ಎಂಬ ಡಬ್ಬಕ್ಕೆ ಹೇಳುತ್ತದೆ, ಎಸ್‌ಎಂಪಿಎಸ್ ಆಗ 12, 5 ಮತ್ತು 3.3 ವೋಲ್ಟುಗಳನ್ನು ಹೊರಬಿಡುತ್ತದೆ. ಇಷ್ಟೆಲ್ಲ ಕೇಳಿಸಿಕೊಳ್ಳಲು ಕಂಪ್ಯೂಟರು ಆಫ್ ಆಗಿರುವಾಗಲೂ ಒಂದು ಸಣ್ಣ ಭಾಗ ಎಚ್ಚರವಾಗಿರುತ್ತದೆ. ಅದಕ್ಕೆ 5 ವೋಲ್ಟು ಹೊತ್ತುಬರುವುದು ನೇರಳೆ ತಂತಿ. ಸಿಡಿಲು ಬಡಿದಾಗ ಆಫ್ ಮಾಡಿಟ್ಟ ಕಂಪ್ಯೂಟರೂ ಸುಟ್ಟುಹೋಗುವುದು ಇದೇ ಕಾರಣಕ್ಕೆ. ಗುಂಡಿ ಒತ್ತಿ ಆರಿಸಿದರೂ ಅದಕ್ಕೂ ಕಂಬದ ಕರೆಂಟಿಗೂ ನಂಟು ತಪ್ಪಿರುವುದಿಲ್ಲ.

"ಸಂಜೆ ಮನೆಗೆ ಹೋಗೋವಾಗ ಪ್ಲಗ್ ಕೀಳ್ತೀರಾ ಅಣ್ಣ?"

"ಕೀಳದೆ ಇರ್ತೀನಾ? ಆ ವರ್ಷ ಸಿಡ್ಲು ಹೊಡೆದು ಮೋಡೆಮ್ ಹೋದಾಗ್ಲಿಂದ ಒಂದಿನಾನೂ ತಪ್ಪಿಸಿಲ್ಲ ಕಣಪ್ಪ."

"ಬೆಳಿಗ್ಗೆ ಬರಲ್ಲ, ಹತ್ತಾರು ಸಲ ಒತ್ತಿದ ಮೇಲೆ ಬರುತ್ತೆ. ಒಂದ್ಸಲ ಬಂದ್ರೆ ಸಾಯಂಕಾಲದವರೆಗೂ ತೊಂದ್ರೆ ಇಲ್ಲ. ಹೌದಾ?"

"ನೋಡಿದಂಗೇ ಹೇಳ್ತೀಯಲ್ಲ!"

ಆತ ಕೇಳಿದ ಈ ಪ್ರಶ್ನೆಗಳಲ್ಲೇ ಅರ್ಧ ರಿಪೇರಿ ಮುಗಿದಿದೆ. ಮದರ್‌ಬೋರ್ಡಿಗೆ ಸಿಕ್ಕಿಸಿದ 24 ಪಿನ್ನಿನ ಅಗಲ ಕನೆಕ್ಟರಿನ ಹಿಂಬದಿಯಿಂದ ಮೀಟರಿನ ಕೆಂಪು ಕಡ್ಡಿಯನ್ನು ನೇರಳೆ ತಂತಿಗೂ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೂ ತಾಗಿಸುತ್ತಾನೆ. 5 ಇರಬೇಕಾದ ಕಡೆ 4.2. ನಿಯಮದ ಪ್ರಕಾರ 4.75ಕ್ಕಿಂತ ಇಳಿಯಕೂಡದು. ರ‍್ಯಾಕಿನಿಂದ ಕೂದಲು ಒಣಗಿಸುವ ಹೇರ್ ಡ್ರೈಯರ್ ತೆಗೆಯುತ್ತಾನೆ, ಸಲೂನಿನಲ್ಲಿರುವಂಥದ್ದೇ. ಎಸ್‌ಎಂಪಿಎಸ್‌ನ ಜಾಲರಿಗೆ ಬಿಸಿಗಾಳಿ ಹಿಡಿದರೆ ಒಳಗಿನ ಧೂಳು ಕಮಟುತ್ತದೆ. ಮೀಟರಿನ ಅಂಕಿ ನಿಧಾನಕ್ಕೆ ಏರುತ್ತದೆ. 4.4, 4.6, 4.8. ಗುಂಡಿ ಒತ್ತುತ್ತಾನೆ. ಫ್ಯಾನು ಗುರ್ರೆಂದು ತಿರುಗಿ, 'ಬೀಪ್' ಎಂದು ಒಂದೇ ಕೂಗು. ಬಾಗಿಲಲ್ಲಿದ್ದ ಯಜಮಾನರು ಎರಡು ಹೆಜ್ಜೆ ಒಳಗೆ ಬಂದಿದ್ದಾರೆ.

ಸ್ಕ್ರೂ ಬಿಚ್ಚಿ ಎಸ್‌ಎಂಪಿಎಸ್ ಡಬ್ಬ ಹೊರಗೆ ತೆಗೆಯುವಾಗ ಆತನ ಕೈಗೆ ಬೇರೆಯೇ ಎಚ್ಚರ ಬರುತ್ತದೆ. ಮನೆಯ 230 ವೋಲ್ಟು ಇದರೊಳಗೆ ನೇರ ವಿದ್ಯುತ್ತಾಗಿ 325ರವರೆಗೂ ಏರುತ್ತದೆ. ಪ್ಲಗ್ ಕಿತ್ತ ಮೇಲೂ ಹೆಬ್ಬೆರಳು ಗಾತ್ರದ ದೊಡ್ಡ ಕಪಾಸಿಟರಿನಲ್ಲಿ ಅದು ಸ್ವಲ್ಪ ಹೊತ್ತು ಕಾದು ಕೂತಿರುತ್ತದೆ. ಎರಡು ವೈರಿನ ಬಲ್ಬೊಂದನ್ನು ಅದರ ಕಾಲುಗಳಿಗೆ ತಾಗಿಸಿ ಇಳಿಸುತ್ತಾನೆ. ಮನೆಯಲ್ಲಿ ಯಾರೂ ಈ ಡಬ್ಬ ಬಿಚ್ಚಬಾರದು ಎನ್ನುವುದು ಇದಕ್ಕೇ.

ಬ್ರಷ್ಷಿನಿಂದ ಧೂಳು ಗುಡಿಸಿದರೆ ಕೆಳಗೆ ಬೋರ್ಡಿನ ತುಂಬ ಪುಟ್ಟ ಪುಟ್ಟ ಕಪಾಸಿಟರುಗಳು. ಒಂದೊಂದೂ ಒಂದು ಅಲ್ಯೂಮಿನಿಯಂ ಡಬ್ಬಿ. ಒಳಗೆ ಲೋಹದ ಹಾಳೆ, ಅದರ ನಡುವೆ ದ್ರವದಲ್ಲಿ ನೆನೆದ ಕಾಗದ ಸುರುಳಿ ಸುತ್ತಿದೆ. ವರ್ಷ ಕಳೆದಂತೆ ಆ ದ್ರವ ಆರುತ್ತದೆ, ಆರಿದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಸ್ವಲ್ಪ ಕಾದರೆ ಮತ್ತೆ ಸಡಿಲಿಸುತ್ತದೆ. ಮಧ್ಯಾಹ್ನ ಸರಿಯಿದ್ದು ಬೆಳಿಗ್ಗೆ ಕೈಕೊಡುವುದರ ಗುಟ್ಟು ಇಷ್ಟೇ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತದ್ದು ತಪ್ಪಲ್ಲ; ಹಾಗೆ ಕಿತ್ತು ತಣ್ಣಗಾಗಲು ಬಿಟ್ಟದ್ದರಿಂದಲೇ ಮುಪ್ಪು ಹೊರಗೆ ಬಿತ್ತು. ಡಬ್ಬಿಯ ಮೈಮೇಲೆ '105 ಡಿಗ್ರಿ' ಎಂದು ಅಚ್ಚಾಗಿದೆ. ಅಷ್ಟು ಬಿಸಿಯಲ್ಲಿ ಸಾಧಾರಣದ್ದೊಂದು ಬಾಳುವುದು 2,000 ಗಂಟೆ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಇಮ್ಮಡಿ ಎಂಬುದು ಕಸುಬಿನವರ ಲೆಕ್ಕ. 65 ಡಿಗ್ರಿಯಲ್ಲಾದರೆ 32,000 ಗಂಟೆ. ದಿನಕ್ಕೆ ಹತ್ತು ಗಂಟೆ ದುಡಿಸಿದರೆ ಎಂಟೊಂಬತ್ತು ವರ್ಷ. ಧೂಳು ಕಟ್ಟಿ ಫ್ಯಾನು ಉಸಿರುಗಟ್ಟಿದರೆ ಇದೂ ಮೊಟಕು.

ಅದಕ್ಕೇ ಬಯಲುಸೀಮೆಯ ಅರಸೀಕೆರೆಯ ಯಂತ್ರಗಳು ಸಾಯುವುದು ಧೂಳಿನಿಂದ. ಮಲೆನಾಡಿನ ಅಂಚಿನ ಬೇಲೂರಿನವು ತೇವದಿಂದ. ಚನ್ನಕೇಶವನ ಗುಡಿಗೆ ಬರುವವರನ್ನು ಇಳಿಸಿಕೊಳ್ಳುವ ಆ ಲಾಡ್ಜಿನ ಕಂಪ್ಯೂಟರು ಮಳೆಗಾಲವಿಡೀ ಕೌಂಟರಿನ ಕೆಳಗಿನ ಥಂಡಿಯಲ್ಲಿತ್ತು. ರ‍್ಯಾಮ್ ಪಟ್ಟಿಯ ಹೊನ್ನಿನ ಬಣ್ಣದ ಹಲ್ಲುಗಳಿಗೆ ಕಿಲುಬು ಕವಿದು, ಫ್ಯಾನು ತಿರುಗಿದರೂ ಪರದೆಯಲ್ಲಿ ಏನೂ ಬರದೆ ಉದ್ದುದ್ದ ಬೀಪ್ ಹೊಡೆಯುತ್ತಿತ್ತು. ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ್ದೇ ಅದರ ಚಿಕಿತ್ಸೆ. ಬೇಲೂರಿಗೆ 16 ಕಿಲೋಮೀಟರ್ ಈಚೆಗಿರುವ ಹಳೇಬೀಡಿನ ಶಾಲೆಯದು ಇನ್ನೊಂದು ಬಗೆ: ಬೇಸಿಗೆ ರಜೆಯುದ್ದಕ್ಕೂ ಬೀಗ ಹಾಕಿದ ಕೋಣೆ, ಎಸ್‌ಎಂಪಿಎಸ್ ಒಳಗೆ ಇರುವೆಯ ಸಂಸಾರ, ರೂಪಾಯಿ ನಾಣ್ಯದಗಲದ 3 ವೋಲ್ಟಿನ ಬ್ಯಾಟರಿ ಖಾಲಿಯಾಗಿ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಸರಿದಿದೆ. ತಾರೀಖು ತಪ್ಪಿದರೆ ಬಹಳಷ್ಟು ಜಾಲತಾಣಗಳು ತೆರೆಯುವುದೇ ಇಲ್ಲ. "ಇಂಟರ್ನೆಟ್ ಬರ್ತಿಲ್ಲ" ಎಂಬ ದೂರಿಗೆ ಬ್ಯಾಟರಿ ಬದಲಿಸಿ ಬರುವುದು ಈತನಿಗೆ ಮಾಮೂಲು.

ಮಾತಾಡುತ್ತಲೇ ಆತ ಬೆಸುಗೆ ಕಡ್ಡಿ ಕಾಯಿಸಿಕೊಂಡಿದ್ದಾನೆ. ನೇರಳೆ ತಂತಿಯ ಬೇರಿನಲ್ಲಿರುವ ಕಪಾಸಿಟರನ್ನು ಹಿಂದಿನಿಂದ ಕಾಯಿಸಿ, ಸೀಸ ಕರಗಿ ಮಿನುಗಿದ ಕ್ಷಣಕ್ಕೆ ಚಿಮಟದಲ್ಲಿ ಎಳೆಯುತ್ತಾನೆ. ನೆತ್ತಿ ಉಬ್ಬಿಲ್ಲ, ಸೋರಿಲ್ಲ. ಹೊರಗಿನಿಂದ ಯಾವ ಕುರುಹೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರೈಲಿನಲ್ಲಿ ಬಂದ ಹೊಸದೊಂದನ್ನು, ಋಣದ ಪಟ್ಟೆ ಯಾವ ಕಡೆ ಎಂದು ನೋಡಿಕೊಂಡು ಕೂರಿಸುತ್ತಾನೆ. ತಿರುವುಮುರುವಾದರೆ ಅದು ಸಿಡಿಯುತ್ತದೆ. ಆಮೇಲೆ ನೇರ ಗೋಡೆಗೆ ಸಿಕ್ಕಿಸುವುದಿಲ್ಲ. ನಡುವೆ ನೂರು ವಾಟಿನ ಬಲ್ಬಿರುವ ಸೀರೀಸ್ ಬೋರ್ಡು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಹೊತ್ತಿ ಉರಿಯುತ್ತಲೇ ಇರುತ್ತದೆ. ಈಗ ಅದು ಒಮ್ಮೆ ಮಿಂಚಿ ಆರಿತು. ಸರಿಯಾಗಿದೆ. ನೇರಳೆ ತಂತಿಯಲ್ಲಿ 5.04.

"ಇನ್ನೆಷ್ಟು ದಿನ ಬರುತ್ತಪ್ಪ?"

"ಹೇಳಕ್ಕಾಗಲ್ಲಣ್ಣ. ಒಂದು ಬದಲಾಯ್ಸಿದೀನಿ, ಅಕ್ಕಪಕ್ಕದವೂ ಅದೇ ವಯಸ್ಸಿನವು. ಫೈಲೆಲ್ಲ ಕಾಪಿ ಮಾಡ್ಕೊಳ್ದೆ ನಾನಂತೂ ಇದನ್ನ ಕಳ್ಸಲ್ಲ."

ಹೊಸದು ಕೊಳ್ಳಲು ಯಜಮಾನರ ಬಳಿ ದುಡ್ಡಿಲ್ಲವೆಂದಲ್ಲ. ಒಳಗಿರುವುದು ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದ ಅದನ್ನು ಕಂಪನಿ 2014ರ ಏಪ್ರಿಲಿಗೇ ಕೈಬಿಟ್ಟಿತು. ಅದರ ಮೇಲೆ ಪುಟ ಜೋಡಿಸುವ ಪೇಜ್‌ಮೇಕರ್, ಅದರೊಳಗೆ ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಗಳಲ್ಲಿ ಕೂಡಿಸಿದ ವರ್ಷಗಟ್ಟಲೆಯ ಪತ್ರಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಿಭಾಗಪತ್ರವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡಿಗೆ ಬದಲಿಸಿಕೊಡುವ ತಂತ್ರಾಂಶಗಳಿವೆ. ಆದರೆ ಸರ್ವೆ ನಂಬರು, ಚಕ್ಕುಬಂದಿ, ಹೆಸರಿನ ಒತ್ತು ತಪ್ಪಿಲ್ಲವೆಂದು ಒಬ್ಬರು ಕೂತು ಓದಿ ನೋಡಬೇಕು, ಮತ್ತು ಓದುವ ತನಕ ಮೂಲ ಯಂತ್ರ ಬದುಕಿರಬೇಕು. ಒಮ್ಮೆಲೇ ಸುಟ್ಟುಹೋಗುವ ಕಂಪ್ಯೂಟರು ಈ ಅವಕಾಶ ಕೊಡುವುದಿಲ್ಲ. ಒಮ್ಮೆ ಬಂದು ಒಮ್ಮೆ ಬಾರದೆ ಸತಾಯಿಸುವುದು ಮಾತ್ರ ಮುಂಚಿತವಾಗಿ ನೋಟಿಸು ಕೊಟ್ಟು ಹೋಗುತ್ತದೆ. ಈ ರಿಪೇರಿಯಿಂದ ಸಿಕ್ಕಿದ್ದು ಯಂತ್ರಕ್ಕೆ ಹೊಸ ಜೀವವಲ್ಲ, ಯಜಮಾನರಿಗೆ ಒಂದಿಷ್ಟು ವಾಯಿದೆ.

ಅದು ಅವರಿಗೂ ತಿಳಿಯಿತು. ಶಾಲು ಮಡಿಸಿ ಪಕ್ಕಕ್ಕಿಟ್ಟು, ಪರದೆಯ ಮುಂದೆ ಕೂತು ಫೋಲ್ಡರುಗಳಿಗೆ ಸರದಿ ಹಾಕಿಕೊಡುತ್ತಿದ್ದಾರೆ. "ಮೊದ್ಲು ವಿಭಾಗಪತ್ರ ತಗೋ. ಆಮೇಲೆ ಕರಾರು. ಅಫಿಡವಿಟ್ಟು ಮಾದರಿ ಒಂದೊಂದಿದ್ರೆ ಸಾಕು."

"ಲಗ್ನಪತ್ರಿಕೆ ಅಣ್ಣ? ಒಂದು ರಾಶಿ ಐತೆ."

"ಅದು ಕೊನೇಗಿರ್ಲಿ. ಮದ್ವೆ ಆದೋರು ಯಾರೂ ವಾಪಸ್ ಬಂದು ಕೇಳಿಲ್ಲ. ಭಾಗ ಆದೋರು ವಾರಕ್ಕೊಬ್ರು ಬರ್ತಾರೆ."