ಬೆವರು ಹರಿದರೆ ಸಾಲದು, ಆರಬೇಕು

ಏಪ್ರಿಲ್‌ನ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ 42 ಡಿಗ್ರಿ, ಬಂಟ್ವಾಳದಲ್ಲಿ 34 ಎಂದಿಟ್ಟುಕೊಳ್ಳಿ. ಟಿ.ವಿ. ನೋಡಿದವರೆಲ್ಲ ಕಲಬುರಗಿಗಾಗಿ ಮರುಗುತ್ತಾರೆ. ಆದರೆ ಅಲ್ಲಿಂದಲೇ ಮದುವೆಗೆಂದು ಬಂದು ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಬಸ್ಸಿಳಿದ ನೆಂಟರು ಹತ್ತೇ ನಿಮಿಷದಲ್ಲಿ ಅಂಗಿ ಮೈಗಂಟಿಸಿಕೊಂಡು, "ಏನ್ ಧಗಿ ರೀ ನಿಮ್ಮೂರಾಗ!" ಎಂದು ನಿಟ್ಟುಸಿರು ಬಿಡುತ್ತಾರೆ. ಕರಾವಳಿಯವರು ಇದನ್ನು ಬಿಸಿಲು ಎನ್ನುವುದಿಲ್ಲ, ಸೆಕೆ ಎನ್ನುತ್ತಾರೆ. ಬಿಸಿಲು ಬೇರೆ, ಸೆಕೆ ಬೇರೆ. ವಿಜ್ಞಾನವೂ ಅದನ್ನೇ ಹೇಳುತ್ತದೆ.

ಬೇಸಿಗೆಯಲ್ಲಿ ನಮ್ಮ ಮೈ ತಣ್ಣಗಾಗಲು ಇರುವ ಮುಖ್ಯ ದಾರಿ ಬೆವರು. ಆದರೆ ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗದು. ಅದು ಚರ್ಮದ ಮೇಲೆ ಆವಿಯಾದರೆ ಮಾತ್ರ ಶಾಖ ಹೊರಗೆ ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಎಂಟು ಲೀಟರ್ ಬಾವಿನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಲಾಭವಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಒಳಗೇ ಉಳಿಯಿತು.

ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರುವುದೆಲ್ಲಿ? ಇದನ್ನು ಅಳೆಯಲು ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸುತ್ತಾರೆ. ಆಗ ಸಿಗುವುದು ಆರ್ದ್ರ ಬಲ್ಬ್ ತಾಪಮಾನ. ಕಲಬುರಗಿಯ 42 ಡಿಗ್ರಿಯಲ್ಲಿ ತೇವಾಂಶ ಶೇ 15 ಇದ್ದರೆ ಈ ಲೆಕ್ಕ ಸುಮಾರು 22ಕ್ಕೆ ಇಳಿಯುತ್ತದೆ. ಬಂಟ್ವಾಳದ 34 ಡಿಗ್ರಿಯಲ್ಲಿ ತೇವಾಂಶ ಶೇ 65 ಇದ್ದರೆ ಅದು 28ರ ಮೇಲೆಯೇ ನಿಲ್ಲುತ್ತದೆ. ಇದು 35 ಮುಟ್ಟಿದರೆ ಮನುಷ್ಯನ ಮೈ ಶಾಖವನ್ನು ಹೊರಹಾಕಲಾರದು ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಆರೋಗ್ಯವಂತ ಯುವಕ ಯುವತಿಯರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಗಡಿ ತೇವದ ಹವೆಯಲ್ಲಿ 31ರ ಆಸುಪಾಸಿಗೆ ಇಳಿಯಿತು. ಬಯಲುಸೀಮೆಯಲ್ಲಿ ದಿನದ ಗರಿಷ್ಠ ತಾಪಮಾನ 40 ಡಿಗ್ರಿಯನ್ನಾದರೂ ಮುಟ್ಟಿದರೆ ಬಿಸಿಗಾಳಿಯ ಮಾತೆತ್ತುವ ಹವಾಮಾನ ಇಲಾಖೆ, ಕರಾವಳಿಗೆ 37ನ್ನೇ ಮಿತಿಯಾಗಿ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಹಾಗಾದರೆ ನೆರಳಿಗೆ ಹೋದರೆ ಮುಗಿಯಿತೇ? ಅರ್ಧ ಮಾತ್ರ. ಸ್ಪ್ರಿಂಕ್ಲರ್ ಹಾರುವ ಅಡಿಕೆ ತೋಟದಲ್ಲಿ ನೆರಳಿದೆ, ಆದರೆ ಗಾಳಿ ಆಡುವುದಿಲ್ಲ, ತೇವವೂ ಹೆಚ್ಚು. ಕೆಂಪುಕಲ್ಲಿನ ಕೋರೆಯಲ್ಲಿ ಇನ್ನೂ ಕಷ್ಟ: ಸುತ್ತಲಿನ ಗೋಡೆಗಳು ಕಾದು ಶಾಖ ಉಗುಳುತ್ತವೆ, ಹೊಂಡದೊಳಕ್ಕೆ ಗಾಳಿ ಇಳಿಯುವುದಿಲ್ಲ. ಆದ್ದರಿಂದ ದಣಿವಾರಿಸಿಕೊಳ್ಳಲು ನೆರಳೂ ಗಾಳಿಯೂ ಇರುವ ಜಾಗವನ್ನೇ ಹುಡುಕಬೇಕು. ಗೇರುಬೀಜ ಹೆಕ್ಕುವುದು, ಸೊಪ್ಪು ಕಡಿಯುವುದು, ಕಲ್ಲು ಹೊರುವುದು ಬೆಳಿಗ್ಗೆ ಹನ್ನೊಂದರೊಳಗೆ ಮುಗಿದರೆ ಒಳ್ಳೆಯದು. ಹಿರಿಯರ ಹಾಳೆಟೊಪ್ಪಿ, ಅಂದರೆ ತುಳುವಿನ ಮುಟ್ಟಾಳೆ, ಹಗುರಾಗಿ ತಲೆಗೆ ನೆರಳು ಕೊಡುತ್ತದೆ. ಬೇಸಿಗೆ ರಜೆಗೆಂದು ಬೆಂಗಳೂರಿನಿಂದಲೋ ಗಲ್ಫಿನ ಎ.ಸಿ. ಕೋಣೆಯಿಂದಲೋ ಬಂದವರು ಮೊದಲ ದಿನವೇ ಮೂಡುಬಿದಿರೆಯ ಮೈದಾನದಲ್ಲಿ ಮಧ್ಯಾಹ್ನ ಕ್ರಿಕೆಟ್ ಆಡಬಾರದು. ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪೂ ಕಡಿಮೆ.

ಕುಡಿಯುವ ವಿಚಾರಕ್ಕೆ ಬಂದರೆ ಗಂಜಿಯೂಟಕ್ಕೆ ಗೌರವ ಕೊಡಲೇಬೇಕು. ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಸೇರುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆಯೇ. ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿಯ ತಿಳಿ ಅದರ ಹತ್ತಿರದ ನೆಂಟ. ಉಪ್ಪು ಹಾಕಿದ ಮಜ್ಜಿಗೆನೀರು, ಚಿಟಿಕೆ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಕೂಡ ಚೆನ್ನ. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಗಂಟೆಗಟ್ಟಲೆ ಬೆವರಿದವರಿಗೆ ಅದೊಂದೇ ಸಾಲದು. ಬಿಸಿಲಿನ ಕೆಲಸದಲ್ಲಿ ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ನೀರು, ಉಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಬೆವರು ಆರಗೊಡದ ಇದೇ ನೀರಾವಿ ಸಂಜೆಗೆ ಇನ್ನೊಂದು ವೇಷ ತೊಡುತ್ತದೆ. ಕಡಲಗಾಳಿ ಹೊತ್ತು ತಂದ ತೇವ ಬೆಳ್ತಂಗಡಿಯ ಬೆನ್ನಿಗಿರುವ ಚಾರ್ಮಾಡಿ, ಕುದುರೆಮುಖದ ಗೋಡೆಗೆ ತಾಗಿ ಮೇಲೇರುತ್ತದೆ, ಗುಡುಗಿನ ಮೋಡವಾಗುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಎಂದರ್ಥ. ಅಂಗಳದ ಅಡಿಕೆ ಒದ್ದೆಯಾದರೂ ಸರಿ, ಒಳಗೆ ಹೋಗಿ. ತೆಂಗಿನ ಬುಡದಲ್ಲಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೂ ಹೊರಗೆ ಬರಬೇಡಿ.

ಮತ್ತೆ ಸೆಕೆಯ ಮಾತಿಗೆ ಬರೋಣ. ಇಷ್ಟೆಲ್ಲ ಎಚ್ಚರ ವಹಿಸಿಯೂ ಯಾರಿಗಾದರೂ ಸೆಕೆ ತಲೆಗೇರಿದರೆ? ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಮೊದಲ ಸೂಚನೆಗಳು. ಅಸಂಬದ್ಧ ಮಾತು, ತೂರಾಟ, ಪ್ರಜ್ಞೆ ತಪ್ಪುವುದು ಕಂಡರೆ ಅದು ಉಷ್ಣಾಘಾತ. ಮೈಯೊಳಗಿನ ತಾಪ 40 ಡಿಗ್ರಿ ದಾಟಿರಬಹುದು. ಉಷ್ಣಾಘಾತದಲ್ಲಿ ಮೈ ಒಣಗಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ದುಡಿಯುತ್ತ ಕುಸಿದವನ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿರಬಹುದು. "ಬೆವರುತ್ತಿದ್ದಾನಲ್ಲ, ಏನೂ ಆಗಿಲ್ಲ" ಎಂದಾಗಲಿ "ಕುಡಿದಿದ್ದಾನೆ" ಎಂದಾಗಲಿ ತೀರ್ಮಾನಿಸಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಬಾವಿಯಿಂದ ಕೊಡಪಾನದ ಮೇಲೆ ಕೊಡಪಾನ ಸೇದಿ ಮೈಮೇಲೆ ಸುರಿಯಿರಿ, ಬಿಡದೆ ಗಾಳಿ ಬೀಸಿ. ಮಂಜುಗಡ್ಡೆ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆ ಅರ್ಧ ಗಂಟೆಯ ವೈದ್ಯರು ಅಲ್ಲಿ ನಿಂತ ನೀವೇ.