ಏಳನೇ ಕ್ಲಾಸಿನ ಕೈಗೆ ‘ದೊಡ್ಡವರ ಪುಸ್ತಕ’

ನಂಜನಗೂಡು ತಾಲ್ಲೂಕಿನ ಯಾವುದಾದರೂ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ, ಕನ್ನಡ ಮೇಷ್ಟ್ರನ್ನ ಒಂದು ಮಾತು ಕೇಳಿ ನೋಡಿ: ‘ಸಾರ್, ದೇವನೂರ ಮಹಾದೇವ ನಿಮ್ಮ ತಾಲ್ಲೂಕಿನವರೇ ಅಲ್ವಾ, ಏಳನೇ ಕ್ಲಾಸಿನ ಮಕ್ಕಳಿಗೆ ಕುಸುಮಬಾಲೆ ಓದಿಸ್ತೀರಾ?’ ಮೇಷ್ಟ್ರು ನಕ್ಕು ಸುಮ್ಮನಾದರೆ ತಪ್ಪು ತಿಳೀಬೇಡಿ. ಅವರ ಹಿಂಜರಿಕೆಗೆ ಕಾರಣ ಇದೆ.

ಪುಸ್ತಕ ಬಂದದ್ದು 1984ರಲ್ಲಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆಂಗಳೂರಿನ ಪಂಡಿತರೂ ತಿಣುಕಾಡಿ ಓದಿದ ಆ ಭಾಷೆ ದೇವನೂರಿನ ಮಗುವಿಗೆ ಮನೆಮಾತು. ಹಾಗಾಗಿ ಇಲ್ಲಿ ತೊಡಕಾಗೋದು ಭಾಷೆ ಅಲ್ಲ, ವಿಷಯ. ಮೇಲ್ಜಾತಿಯ ಕುಸುಮ, ದಲಿತ ಹುಡುಗ ಚೆನ್ನ, ಅವರಿಬ್ಬರ ಸಂಬಂಧ, ಆಮೇಲೆ ಚೆನ್ನನ ಕೊಲೆ. ಹನ್ನೆರಡು ವರ್ಷದ ಮಕ್ಕಳ ಮುಂದೆ ಇದನ್ನ ಬಿಡಿಸಿ ಹೇಳೋದು ಹೇಗೆ?

‘ಮಕ್ಕಳಿಗೆ ಅಂಥದ್ದೆಲ್ಲ ಗೊತ್ತಾಗಬಾರದು’ ಅನ್ನೋರಿಗೆ ಒಂದು ಮಾತು. ನಂಜುಂಡ ಚಾಮುಂಡಿಗೆ ಮನಸೋತದ್ದು, ಅದಕ್ಕೆ ಮನೇಲಿ ಹೆಂಡತಿ ಜಗಳ ತೆಗೆದದ್ದು ಈ ಸೀಮೆಯ ಜನಪದರು ತಲೆಮಾರುಗಳಿಂದ ಹಾಡಿಕೊಂಡು ಬಂದ ಕಥೆ. ಟಿ. ನರಸೀಪುರದ ಕಡೆಯ ಊರುಗಳಲ್ಲಿ ಕಂಸಾಳೆಯವರು ಕೂತರೆ ಸಂಕಮ್ಮನ ಸಾಲು ಬರುತ್ತೆ. ಗಂಡ ಕಾಡಿಗೆ ಹೋಗೋ ಮೊದಲು ಹೆಂಡತಿಯ ಶೀಲದ ಬಗ್ಗೆ ಭಾಷೆ ಕೇಳ್ತಾನೆ, ಕೊಡದಿದ್ದಾಗ ಹಿಂಸೆ ಕೊಡ್ತಾನೆ. ಅಜ್ಜಿ ತೊಡೆಯ ಮೇಲೆ ಕೂತು ಮಕ್ಕಳು ಕೇಳಿದ ಕಥೆ ಸ್ವಾಮಿ ಇದು! ದ್ರೌಪದಿಯ ವಸ್ತ್ರಾಪಹರಣವನ್ನಂತೂ ಶಾಲೆಯ ವಾರ್ಷಿಕೋತ್ಸವದಲ್ಲೇ ನಾಟಕ ಮಾಡಿಸ್ತೀವಿ. ಅಲ್ಲಿಲ್ಲದ ಮುಜುಗರ ಪುಸ್ತಕ ತೆರೆದಾಗ ಮಾತ್ರ ಎಲ್ಲಿಂದ ಬರುತ್ತೆ?

ಇನ್ನೂ ಒಂದಿದೆ. ‘ವಯಸ್ಕರ ವಿಷಯ’ ಅಂದ ಕೂಡಲೇ ನಮಗೆ ಹೊಳೆಯೋದು ಲೈಂಗಿಕತೆ ಒಂದೇ. ನಂಜನಗೂಡಿನ ತರಗತಿಯಲ್ಲಿ ಅದಕ್ಕಿಂತ ಭಾರವಾದದ್ದು ಜಾತಿ. ಇದೇ ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿಚಾರಕ್ಕೆ ಹುಟ್ಟಿದ ವೈಷಮ್ಯದಲ್ಲಿ ಮೂವರು ದಲಿತರ ಕೊಲೆಯಾಯಿತು. ಆ ಸುತ್ತಿನ ಶಾಲೆಗಳಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರ್ತಾರೆ. ಕಥೆಯಲ್ಲಿ ಬರೋ ಜಾತಿ ಬೈಗುಳವನ್ನ ಮೇಷ್ಟ್ರು ಜೋರಾಗಿ ಓದಿದರೆ ಒಂದು ಬೆಂಚು ನಗುತ್ತೆ, ಇನ್ನೊಂದು ಬೆಂಚು ತಲೆ ತಗ್ಗಿಸುತ್ತೆ. ಆಟದ ಬಯಲಿನಲ್ಲಿ ಅದೇ ಪದ ಅಡ್ಡಹೆಸರಾಗುತ್ತೆ. ಲೇಖಕ ಅದನ್ನ ಬರೆದದ್ದು ನೋವು ತೋರಿಸೋಕೆ. ತರಗತಿಯಲ್ಲಿ ಅದು ನೋವು ಕೊಡೋ ಕಲ್ಲಾಗಬಾರದು.

ಹಾಗಾದರೆ ಮಾಡೋದೇನು? ಮೊದಲು ಮೇಷ್ಟ್ರು ಇಡೀ ಪುಸ್ತಕ ಓದಿರಬೇಕು. ತಮಾಷೆಗೆ ಹೇಳ್ತಿಲ್ಲ, ಅರ್ಧ ಜಗಳ ಓದದೇ ಶುರುವಾಗುತ್ತೆ. ಆಮೇಲೆ ಯಾವ ಪುಟ ಎಲ್ಲರೆದುರು ಓದೋದು, ಯಾವುದನ್ನ ವಿವರಿಸಿ ದಾಟೋದು ಅಂತ ಗುರುತು ಮಾಡಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಏಳನೇ ಕ್ಲಾಸಿಗೆ ಇಡೀ ಕುಸುಮಬಾಲೆ ಬೇಡ. ಕೊಳಕು ಅಂತಲ್ಲ, ಆ ಹೆಣಿಗೆ ಆ ವಯಸ್ಸಿಗೆ ಬಿಡಿಸೋಕಾಗಲ್ಲ. ಆದರೆ ರಾತ್ರಿ ಮನೆಮನೆಯ ದೀಪಗಳು, ಅಂದ್ರೆ ಜೋತಮ್ಮಂದಿರು, ಒಂದೆಡೆ ಸೇರಿ ತಂತಮ್ಮ ಮನೆ ಸುದ್ದಿ ಮಾತಾಡೋ ಭಾಗ ಇದೆಯಲ್ಲ, ಅದನ್ನ ಧಾರಾಳವಾಗಿ ಕೊಡಿ. ಬೈಗುಳ ಬಂದ ಕಡೆ ಪದ ಉಚ್ಚರಿಸದೆ, ಆ ಕಾಲಕ್ಕೆ ಯಾರು ಯಾರನ್ನ ಯಾಕೆ ಹಾಗೆ ಕರೀತಿದ್ದರು ಅಂತ ಹೇಳಿ ಮುಂದೆ ಹೋಗಬಹುದು. ದಲಿತ ಮಗುವನ್ನ ಎಬ್ಬಿಸಿ ‘ನಿಮ್ಮನೇಲಿ ಹೇಗೆ?’ ಅಂತ ಮಾತ್ರ ಕೇಳಲೇಬೇಡಿ.

ಎಸ್‌ಡಿಎಂಸಿ ಸಭೆಯಲ್ಲಿ ಪುಸ್ತಕದ ಹೆಸರು ಮೊದಲೇ ಹೇಳಿಬಿಟ್ಟರೆ ಅರ್ಧ ತಲೆನೋವು ಕಡಿಮೆ. ಒಬ್ಬ ತಂದೆ ‘ನನ್ನ ಮಗಳಿಗೆ ಬೇಡ’ ಅಂದ್ರೆ ಆ ಹುಡುಗಿಗೆ ಬೇರೆ ಪುಸ್ತಕ ಕೊಡಿ. ಅವರ ಮಗಳ ಮಟ್ಟಿಗೆ ಅವರಿಗೆ ಹಕ್ಕಿದೆ, ಉಳಿದ ಮೂವತ್ತು ಮಕ್ಕಳ ಮಟ್ಟಿಗೆ ಇಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆಯ ಗಲಾಟೆ ಎದ್ದಾಗ ಮಹಾದೇವ ಅವರು ಹತ್ತನೇ ತರಗತಿ ಪಾಠಕ್ಕೆ ಕೊಟ್ಟಿದ್ದ ಅನುಮತಿ ವಾಪಸ್ ಪಡೆದರು. ಯಾರ ಪಾಠ ಇರಬೇಕು, ಯಾರದ್ದು ಬೇಡ ಅಂತ ಸ್ಟುಡಿಯೋಗಳಲ್ಲಿ ಎಷ್ಟು ಕೂಗಾಡಿದೆವು! ಪಾಠ ಮಾಡೋ ಮೇಷ್ಟ್ರಿಗೆ ಏನು ತಯಾರಿ ಬೇಕು ಅನ್ನೋ ಚರ್ಚೆಗೆ ಜಾಗವೇ ಉಳಿಯಲಿಲ್ಲ.

ಕೊನೆಗೆ, ಪುಸ್ತಕಕ್ಕಿಂತ ದೊಡ್ಡ ವಿಷಯ. ಇಂಥ ಕಥೆ ಓದಿದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದು ‘ಮಿಸ್, ನಮ್ಮನೇಲೂ ಹಿಂಗೇ’ ಅನ್ನಬಹುದು. ಮನೇಲಿ ಮದುವೆ ಮಾತು ನಡೀತಿದೆ ಅನ್ನಬಹುದು, ನೆಂಟನೊಬ್ಬ ಮೈ ಮುಟ್ಟಿದ ಅನ್ನಬಹುದು. ಆಗ ಅದು ಕನ್ನಡ ಪಾಠ ಅಲ್ಲ. ಹದಿನೆಂಟರೊಳಗಿನ ಹುಡುಗಿಯ ಮದುವೆ ಕರ್ನಾಟಕದ ತಿದ್ದುಪಡಿಯ ಪ್ರಕಾರ ಮೊದಲಿಂದಲೇ ಅಸಿಂಧು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು, ಮುಚ್ಚಿಟ್ಟರೆ 21ನೇ ಕಲಂ ಪ್ರಕಾರ ಶಿಕ್ಷೆ. ಊರ ಮರ್ಯಾದೆ, ಹೆಡ್ ಮಾಸ್ಟರ ಒತ್ತಡ ಯಾವುದೂ ನೆಪವಾಗಲ್ಲ. ಮಗು ಹೇಳಿದ್ದನ್ನ ಅದರ ಮಾತಿನಲ್ಲೇ ಬರೆದಿಡಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಸಂಜೆಯೊಳಗೆ 1098ಕ್ಕೆ ಇಲ್ಲವೇ ಪೊಲೀಸರಿಗೆ ಫೋನ್ ಮಾಡಿ. ಆ ನಂಬರನ್ನ ಪುಸ್ತಕದ ಬೀರುವಿನ ಬಾಗಿಲಿಗೇ ಅಂಟಿಸಿಟ್ಟರೆ ಮಕ್ಕಳಿಗೂ ಕಾಣುತ್ತೆ.