ಮಿಸುಕದ ಮೊಲ ಎದ್ದಿತು ನೋಡಿ!

ಈ ಮೊಲವನ್ನು ನೋಡಿ. ಜೀವವಿದೆ. ಉಸಿರಾಡುತ್ತಿದೆ. ಆದರೆ ಮಿಸುಕುತ್ತಿಲ್ಲ! ಕಿವಿ ಜೋತುಬಿದ್ದಿದೆ. ಕಾಲಿದ್ದೂ ಕದಲಲಾರದು.

ಏನು ಕೊಟ್ಟಿರಬಹುದು ಇದಕ್ಕೆ? ಊಹಿಸಿ! ಹಾವಿನ ವಿಷವೇ? ಅಲ್ಲ. ಕಾರ್ಖಾನೆಯ ಕೀಟನಾಶಕವೇ? ಅಲ್ಲವೇ ಅಲ್ಲ!

ಅದು ರೆಸರ್ಪಿನ್. ಬಂದದ್ದು ಸರ್ಪಗಂಧಿಯ ಬೇರಿನಿಂದ! ಹೌದು, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ, ನಾಟಿ ವೈದ್ಯರು ಬಲ್ಲ ಅದೇ ಸರ್ಪಗಂಧಿ! 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಮದ್ದಾಯಿತು. ಆದರೆ ನುಂಗಿದ ಕೆಲವರಿಗೆ ಕೈ ನಡುಗಿತು, ಮೈ ಸೆಟೆಯಿತು. ಥೇಟ್ ಪಾರ್ಕಿನ್ಸನ್ ಕಾಯಿಲೆ!

ಮಿದುಳಿನಿಂದ ರೆಸರ್ಪಿನ್ ಕದಿಯುತ್ತಿದ್ದದ್ದೇನು?

1957. ಸ್ವೀಡನ್ನಿನ ಲುಂಡ್. ಅರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಮರಗಟ್ಟಿ ಕೂತ ಮೊಲಗಳಿಗೆ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಎಷ್ಟು ಹೊತ್ತು ಕಾದರು ಹೇಳಿ? ವಾರ? ದಿನ?

ಸುಮಾರು 15 ನಿಮಿಷ!

ಕಿವಿ ನಿಮಿರಿತು! ಮೊಲ ಎದ್ದಿತು! ಓಡಾಡಿತು! ಈ ಪ್ರಯೋಗದ ಚಿತ್ರಗಳನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಮಿದುಳಿನ ರಾಸಾಯನಿಕಗಳನ್ನು ಅಳೆದು ನೋಡಿದರೆ ಇನ್ನೊಂದು ಅಚ್ಚರಿ. ಬರಿದಾಗಿದ್ದದ್ದು, ಡೋಪಾದಿಂದ ತಯಾರಾಗಿ ಮತ್ತೆ ತುಂಬಿದ್ದದ್ದು ಡೋಪಮಿನ್! ಬೇರೊಂದು ರಾಸಾಯನಿಕ ತಯಾರಾಗುವ ದಾರಿಯ ನಡುವಿನ ಒಂದು ಹಂತವಷ್ಟೇ ಎಂದು ಎಲ್ಲರೂ ಕಡೆಗಣಿಸಿದ್ದ ಡೋಪಮಿನ್! ಮೊಲದಲ್ಲಿ ಜೀವಕೋಶಗಳು ಸತ್ತಿರಲಿಲ್ಲ, ಉಗ್ರಾಣ ಮಾತ್ರ ಖಾಲಿಯಾಗಿತ್ತು. ಪಾರ್ಕಿನ್ಸನ್ ರೋಗಿಗಳಲ್ಲಾದರೋ ಡೋಪಮಿನ್ ತಯಾರಿಸುವ ಕೋಶಗಳೇ ಸಾಯುತ್ತವೆ. ಆದರೂ ಆ ಮೂಕಪ್ರಾಣಿಗಳು ತೋರಿಸಿದ ದಿಕ್ಕು ಸರಿಯಾಗಿತ್ತು.

1960ರಲ್ಲಿ ವಿಯೆನ್ನಾದಲ್ಲಿ, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದರು. ಅಲ್ಲೂ ಡೋಪಮಿನ್‌ಗೆ ಬರ! ಮರುವರ್ಷವೇ ಹಾಸಿಗೆ ಹಿಡಿದ ರೋಗಿಗಳಿಗೆ ಅದೇ ಡೋಪಾದ ಒಂದು ರೂಪವಾದ ಎಲ್-ಡೋಪಾ ಚುಚ್ಚಿದರು. ಏಳಲಾಗದವರು ಎದ್ದರು. ನಡೆಯಲಾಗದವರು ನಡೆದರು! ಕೆಲವೇ ಗಂಟೆಗಳ ಮಟ್ಟಿಗೆ, ನಿಜ. ಆದರೆ ನಡೆದರು! ಇಂದಿಗೂ ಆ ಕಾಯಿಲೆಯ ಮುಖ್ಯ ಔಷಧ ಅದೇ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ನಿಲ್ಲಿ, ಇನ್ನೂ ಇದೆ! ಈ ಎಲ್-ಡೋಪಾ ಯಾವ ಗಿಡದ ಬೀಜದಲ್ಲಿ ತುಂಬಿಕೊಂಡಿದೆ ಗೊತ್ತೇ? ಸುಳಿವು ಕೊಡಲೇ? ಅದರ ಕಾಯಿಯ ರೋಮ ತಾಗಿದರೆ ಸಾಕು, ಮೈಯೆಲ್ಲ ಕೆರೆತ.

ನಸುಗುನ್ನಿ!

ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದರ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿಯೇಬಿಟ್ಟಿದ್ದರು. ಯಾವಾಗ? 1937ರಲ್ಲಿ! ಲುಂಡ್‌ನ ಮೊಲಗಳಿಗಿಂತ 20 ವರ್ಷ ಮೊದಲೇ!